ಧಾರಣೆ ಬರೆದ ಗೋಡೆಗಳು

(ಕುಮಟಾದಲ್ಲಿ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ)

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ನಮ್ಮ ಕುಮಟಾದಲ್ಲಿ ಹತ್ತಿ ಬೆಳೆಯುವುದನ್ನು ಯಾರಾದರೂ ನೋಡಿದ್ದೀರಾ? ಇಲ್ಲ, ಅಲ್ವಾ? ಇಲ್ಲಿಯ ಮಳೆಗೆ ಹತ್ತಿಕಾಯಿ ಗಿಡದಲ್ಲೇ ಕೊಳೆತು ಹೋಗುತ್ತದೆ. ಭತ್ತ ನಮ್ಮದು, ತೆಂಗು ನಮ್ಮದು, ಸಿಹಿ ಈರುಳ್ಳಿ ನಮ್ಮದು. ಹತ್ತಿ ನಮ್ಮದಲ್ಲ. ಆದರೂ ನೂರೈವತ್ತು ವರ್ಷದ ಹಿಂದೆ ಲಿವರ್‌ಪೂಲಿನ ಹತ್ತಿ ದಲಾಲರ ಬಾಯಲ್ಲಿ ‘ಕುಮಟಾ’ ಅಂದರೆ ಊರಲ್ಲ, ಒಂದು ನಮೂನೆಯ ಹತ್ತಿ.

ಅದು ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಎರೆಭೂಮಿಯ ಜವಾರಿ ಹತ್ತಿ. ಘಟ್ಟದ ಮೇಲಿಂದ ಎತ್ತಿನ ಬೆನ್ನ ಮೇಲೆ, ಆಮೇಲೆ ಚಕ್ಕಡಿಗಳಲ್ಲಿ ದೇವಿಮನೆ ಘಟ್ಟ ಇಳಿದು ಇಲ್ಲಿಗೆ ಬರುತ್ತಿತ್ತು. ಇಲ್ಲಿ ಮಚ್ವೆ, ಪತ್ತೆಮಾರಿ ಎಂಬ ಹಾಯಿದೋಣಿ ಏರಿ ಮುಂಬಯಿಗೆ ಹೋಗುತ್ತಿತ್ತು. ಅಲ್ಲಿಂದ ಇಂಗ್ಲೆಂಡಿಗೆ. ಬೆಳೆದ ಹೊಲದ ಹೆಸರು ದಾರಿಯಲ್ಲೇ ಬಿಟ್ಟುಹೋಯಿತು. ಹಡಗು ಹತ್ತಿದ ಬಂದರಿನ ಹೆಸರು ಉಳಿಯಿತು. ಕಾಫಿಗೆ ಯೆಮನ್ನಿನ ಮೋಕಾ ಬಂದರಿನ ಹೆಸರು ಅಂಟಿಕೊಂಡ ಹಾಗೆ. ಮುಂದೆ ಕೃಷಿ ವಿಜ್ಞಾನಿಗಳು ಕೂಡ ಆ ತಳಿಯನ್ನು ‘ಕುಂಪ್ಟಾ’ ಅಂತಲೇ ಕರೆದರು.

ನನಗೆ ಇದು ಗೊತ್ತಾದಾಗ ಹೆಮ್ಮೆ ಆಯಿತು. ಹಿಂದೆಯೇ ಬೇಜಾರೂ ಆಯಿತು. ಅಷ್ಟು ದೊಡ್ಡ ವ್ಯಾಪಾರ ನಡೆದ ಊರಿನಲ್ಲಿ ‘ಇಲ್ಲಿ ಹತ್ತಿ ಇಳಿಯುತ್ತಿತ್ತು, ಇಲ್ಲಿ ದರ ಕೂಗುತ್ತಿದ್ದರು’ ಅಂತ ಮಕ್ಕಳಿಗೆ ತೋರಿಸಲು ಒಂದು ಗೋಡೆ ಇಲ್ಲ. ಹತ್ತಿ ಕೊಂಡವರ ಊರಿನಲ್ಲಿ ಆ ಗೋಡೆ ಇದೆ. ಇವತ್ತು ನಾನು ಮಾತಾಡುವುದು ಆ ಗೋಡೆಗಳ ಬಗ್ಗೆ. ವ್ಯಾಪಾರಕ್ಕೆ ಅಂತಲೇ ಕಟ್ಟಿದ ಮನೆಗಳು, ವ್ಯಾಪಾರ ಎದ್ದುಹೋದ ಮೇಲೆ ಅವುಗಳಿಗೆ ಏನಾಯಿತು ಅನ್ನುವುದು.

ಇಂಗ್ಲಿಷಿನಲ್ಲಿ ಇವನ್ನು ಎಕ್ಸ್‌ಚೇಂಜ್ ಅನ್ನುತ್ತಾರೆ. ಯುರೋಪಿನ ಬೇರೆ ಕಡೆ ಬೂರ್ಸ್. ಈ ಬೂರ್ಸ್ ಅನ್ನುವ ಮಾತು ಬೆಲ್ಜಿಯಮ್ಮಿನ ಬ್ರೂಜ್ ಎಂಬ ಊರಿನ ಒಂದು ಮನೆತನದಿಂದ ಬಂತು. ವಾನ್ ಡೆರ್ ಬ್ಯೂರ್ಸೆ ಮನೆಯವರು ಅಲ್ಲಿ ವಸತಿಗೃಹ ನಡೆಸುತ್ತಿದ್ದರು. ಪರಊರಿನ ವ್ಯಾಪಾರಿಗಳು ಅದರ ಮುಂದೆ ಸೇರುತ್ತಿದ್ದರು. ಬರಬರುತ್ತ ‘ಬ್ಯೂರ್ಸೆಯವರ ಹತ್ತಿರ ಹೋಗಿ ಬಂದೆ’ ಅಂದರೆ ವ್ಯಾಪಾರಕ್ಕೆ ಹೋಗಿ ಬಂದೆ ಅಂತ ಆಯಿತು. ಮುಂಬಯಿಯಲ್ಲೂ ಹೀಗೇ. 1850ರ ದಶಕದಲ್ಲಿ ಷೇರು ದಲಾಲರು ಟೌನ್ ಹಾಲಿನ ಎದುರು ಆಲದ ಮರದ ಕೆಳಗೆ ಸೇರುತ್ತಿದ್ದರು. 1875ರಲ್ಲಿ ಅದೇ ಜನ ಒಂದು ಸಂಘ ಮಾಡಿಕೊಂಡರು. ಜನ ಮೊದಲು ಸೇರುತ್ತಾರೆ, ಕಟ್ಟಡ ಹಿಂದಿನಿಂದ ಬರುತ್ತದೆ.

ಕಟ್ಟಡವೇ ಬೇಡದ ಎಕ್ಸ್‌ಚೇಂಜ್ ನೋಡಬೇಕು ಅಂದರೆ ನೀವು ದೂರ ಹೋಗಬೇಕಿಲ್ಲ. ಬೆಳಿಗ್ಗೆ ಬೇಗ ಎದ್ದು ತದಡಿಗೆ ಹೋಗಿ, ಇಲ್ಲವೇ ಕಾರವಾರದ ಬೈತಖೋಲಕ್ಕೆ. ದೋಣಿಯಿಂದ ಮೀನಿನ ಬುಟ್ಟಿ ಇಳಿಯುತ್ತದೆ. ಸುತ್ತ ಜನ ನಿಲ್ಲುತ್ತಾರೆ. ಲಿಲಾವು, ಅಂದರೆ ಹರಾಜು, ಶುರುವಾಗಿ ಮುಗಿಯುವುದಕ್ಕೆ ಒಂದು ಚಾ ಕುಡಿದಷ್ಟು ಹೊತ್ತೂ ಬೇಡ. ಬಂಗಡೆ ಕಾಯುವುದಿಲ್ಲ ನೋಡಿ, ಬಿಸಿಲೇರಿದ ಹಾಗೆ ದರ ಇಳಿಯುತ್ತದೆ. ಕಾಯುವ ಮಾಲಿಗೆ ಮಾತ್ರ ಮನೆ ಬೇಕು. ಹತ್ತಿ ಕಾಯುತ್ತದೆ, ಧಾನ್ಯ ಕಾಯುತ್ತದೆ, ಅಡಿಕೆ ಎಲ್ಲಕ್ಕಿಂತ ಜಾಸ್ತಿ ಕಾಯುತ್ತದೆ.

ಅಡಿಕೆ ಅಂದ ಕೂಡಲೇ ನಾನು ಶಿರಸಿಗೆ ಹೋಗಲೇಬೇಕು. ಅಪ್ಪಯ್ಯನ ಜೊತೆ ಮೊದಲ ಸಲ ಪೇಟೆಗೆ ಹೋದಾಗ ನನಗೆ ಒಂಬತ್ತು ವರ್ಷ ಇರಬೇಕು. ನಮ್ಮದು ಹೆಚ್ಚೇನಿಲ್ಲ, ಆರೇಳು ಚೀಲ ಚಾಲಿ, ಅಂದರೆ ಹಣ್ಣಡಿಕೆ ಒಣಗಿಸಿ ಸುಲಿದದ್ದು. ಒಂದೊಂದು ಚೀಲವೂ ಆಯಿ ಅಂಗಳದಲ್ಲಿ ಒಂದೂವರೆ ತಿಂಗಳು ಕಾಗೆ ಕಾಯ್ದು ಒಣಗಿಸಿದ್ದು. ವಖಾರಿ ಅಂದರೆ ಮಾಲು ಇಡುವ ಮಳಿಗೆ, ಅದರ ಒಳಗೆ ಹಮಾಲರು ಚೀಲದ ಬಾಯಿ ಬಿಚ್ಚಿ ಸಾಲಾಗಿ ನಿಲ್ಲಿಸಿದರು. ಖರೀದಿದಾರರು ಬಂದರು. ಒಬ್ಬರು ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ ಅಡಿಯ ಮಾಲು ತೆಗೆದರು. ಅಡಕತ್ತರಿಯಲ್ಲಿ ಒಂದು ಅಡಿಕೆ ಕತ್ತರಿಸಿದರು. ಆಮೇಲೆ ಮಾಡಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಎರಡು ಹೋಳುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಬಾಗಿಲವರೆಗೆ ನಡೆದು ಹೋದರು. ಹೊರಗಿನ ಬೆಳಕಿಗೆ ಹಿಡಿದು ನೋಡಿದರು. ಒಳಗೆ ಬಲ್ಬು ಇತ್ತು, ಆದರೆ ಅದರ ಬೆಳಕನ್ನು ಅವರು ನಂಬಲಿಲ್ಲ.

ಅಪ್ಪಯ್ಯ ನನ್ನ ಕಿವಿಯಲ್ಲಿ, ‘ಹಳದಿ ಬೆಳಕಲ್ಲಿ ಎಲ್ಲಾ ಅಡಿಕೆಯೂ ಒಂದೇ ಥರ ಕಾಣ್ತು ತಮಾ’ ಅಂದರು.

ಬಹಳ ವರ್ಷದ ಮೇಲೆ ಇಂಗ್ಲೆಂಡಿನ ಲೀಡ್ಸ್ ಊರಿನ ಕಾರ್ನ್ ಎಕ್ಸ್‌ಚೇಂಜ್ ಬಗ್ಗೆ ಓದುವಾಗ ಅಪ್ಪಯ್ಯನ ಈ ಮಾತು ನೆನಪಾಯಿತು. ಅದು ಧಾನ್ಯದ ವ್ಯಾಪಾರಕ್ಕೆ 1860ರ ದಶಕದಲ್ಲಿ ಕಟ್ಟಿದ ಮನೆ. ಕತ್ಬರ್ಟ್ ಬ್ರಾಡ್ರಿಕ್ ಎಂಬ ವಾಸ್ತುಶಿಲ್ಪಿಯದು. ಮೊಟ್ಟೆಯ ಆಕಾರದ ನೆಲ, ಮೇಲೆ ದೊಡ್ಡ ಗುಮ್ಮಟ. ಆ ಗುಮ್ಮಟದಲ್ಲಿ ಉತ್ತರದ ಕಡೆಗೆ ದೊಡ್ಡದಾಗಿ ಗಾಜು ಹಾಕಿದ್ದಾರೆ. ಯಾಕೆ ಅಂದರೆ ಅವರ ದೇಶದಲ್ಲಿ ಉತ್ತರದಿಂದ ನೇರ ಬಿಸಿಲು ಬೀಳುವುದಿಲ್ಲ. ಒಂದೇ ಸಮನಾದ ತಣ್ಣನೆಯ ಬೆಳಕು ಬರುತ್ತದೆ. ಅಂಗೈಯ ಕಾಳಿನ ಬಣ್ಣ ಅದರಲ್ಲಿ ಸುಳ್ಳು ಹೇಳುವುದಿಲ್ಲ. ಶಿರಸಿಯ ಖರೀದಿದಾರರು ಬಾಗಿಲವರೆಗೆ ನಡೆದು ಮಾಡಿದ ಕೆಲಸವನ್ನು ಅಲ್ಲಿ ಛಾವಣಿಯೇ ಮಾಡುತ್ತಿತ್ತು. ಈಗ ಆ ಮನೆಯಲ್ಲಿ ಧಾನ್ಯ ಇಲ್ಲ, ಬಟ್ಟೆಬರೆ, ತಿಂಡಿತಿನಿಸಿನ ಸಣ್ಣ ಸಣ್ಣ ಅಂಗಡಿಗಳಿವೆ. ಬೆಳಕು ಮಾತ್ರ ಅದೇ.

ಕಟ್ಟಡವನ್ನು ಹೀಗೆ ಓದಬೇಕು ಅಂತ ನನ್ನ ಆಸೆ. ಕಂಬ ಎಷ್ಟು, ಕಮಾನು ಯಾವ ಶೈಲಿ ಅನ್ನುವುದು ಆಮೇಲೆ. ಇಲ್ಲಿ ನಿಂತವರು ಏನನ್ನು ನೋಡುತ್ತಿದ್ದರು, ಯಾವುದಕ್ಕೆ ಹೆದರುತ್ತಿದ್ದರು, ಅದನ್ನು ಮೊದಲು ಕೇಳಬೇಕು.

ಹೆದರಿಕೆ ಅಂದೆ. ಎಲ್ಲಾ ಪೇಟೆಯ ದೊಡ್ಡ ಹೆದರಿಕೆ ಒಂದೇ, ಮೋಸ. ಸ್ಪೇನಿನ ವೆಲೆನ್ಸಿಯಾದಲ್ಲಿ ರೇಷ್ಮೆ ವ್ಯಾಪಾರದ ಒಂದು ಮನೆ ಇದೆ. 1482ರಲ್ಲಿ ಕಟ್ಟಲು ಶುರು ಮಾಡಿದ್ದು. ಅದರ ದೊಡ್ಡ ಹಜಾರದ ಕಂಬಗಳು ಹಗ್ಗ ಹೊಸೆದ ಹಾಗೆ ತಿರುಚಿಕೊಂಡು ಮೇಲೆ ಹೋಗುತ್ತವೆ. ಗೋಡೆಯ ಮೇಲ್ಭಾಗದಲ್ಲಿ ಸುತ್ತಲೂ ಲ್ಯಾಟಿನ್ ಅಕ್ಷರದ ಒಂದು ಪಟ್ಟಿ ಇದೆ. ಮಾತಿನಲ್ಲಿ ಕಪಟ ಇಲ್ಲದ ವ್ಯಾಪಾರ ಎಷ್ಟು ಒಳ್ಳೆಯದು ನೋಡಿ, ನೆರೆಯವನಿಗೆ ಕೊಟ್ಟ ಮಾತು ತಪ್ಪದವನು, ಅನ್ಯಾಯದ ಬಡ್ಡಿ ತಿನ್ನದವನು ಸಿರಿವಂತನೂ ಆಗುತ್ತಾನೆ, ಸ್ವರ್ಗವನ್ನೂ ಕಾಣುತ್ತಾನೆ ಅಂತ ಅದರ ಭಾವ. ದರ ಮಾತಾಡುತ್ತ ತಲೆ ಎತ್ತಿದರೆ ಈ ಸಾಲು ಕಾಣಬೇಕು. ಅದಕ್ಕೇ ಅಲ್ಲಿ ಕೆತ್ತಿದ್ದು. 1996ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಹತ್ತಿಯಲ್ಲೂ ಮೋಸ ಇತ್ತು, ಮುಚ್ಚಿಡುವುದು ಬೇಡ. ಬೀಜ, ಕಸ, ಮಣ್ಣು ಬೆರೆಸುತ್ತಿದ್ದರು, ತೂಕಕ್ಕೆ ನೀರು ಚಿಮುಕಿಸುತ್ತಿದ್ದರು. ರೈತರೊಬ್ಬರೇ ಅಲ್ಲ, ನಡುವಿನ ಕೈಗಳೆಲ್ಲ ಅದರಲ್ಲಿ ಸೇರಿದ್ದವು. ಅದನ್ನು ತಡೆಯಲು ಮುಂಬಯಿ ಸರಕಾರ 1863ರಲ್ಲಿ ಒಂದು ಕಾಯ್ದೆಯನ್ನೇ ತಂದಿತು. ಅದೇ ವರ್ಷ ಯಾಕೆ ಗೊತ್ತಾ? ಹತ್ತಿಯ ಬೆಲೆ ಹಿಂದೆಂದೂ ಕಾಣದಷ್ಟು ಏರಿತ್ತು. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆಯಿತು. ಅಲ್ಲಿಯ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿತ್ತು. ಇಂಗ್ಲೆಂಡಿನ ಲ್ಯಾಂಕಶೈರಿನ ಮಿಲ್ಲುಗಳು ಹತ್ತಿ ಇಲ್ಲದೆ ನಿಂತವು. ಕೂಲಿಗಳು ಹಸಿದರು. ಮಿಲ್ಲಿನವರ ಕಣ್ಣು ನಮ್ಮ ಕಡೆ ತಿರುಗಿತು.

ಈಗ ಕಾರವಾರದ ಕಥೆ. ಕಾರವಾರಕ್ಕೆ ಇಂಗ್ಲಿಷರು ಹೊಸಬರಲ್ಲ. 1638ರಲ್ಲೇ ಕೋರ್ಟೀನ್ ಎಂಬವರ ಕಂಪನಿ ಅಲ್ಲಿ ‘ಫ್ಯಾಕ್ಟರಿ’ ತೆರೆದಿತ್ತು. ಹಳೆಯ ಕಾರವಾರ ಅಂದರೆ ಕಾಳಿ ನದಿಯ ಮೇಲೆ ಕಡವಾಡದ ಕಡೆ. ಈ ಫ್ಯಾಕ್ಟರಿ ಅನ್ನುವ ಮಾತು ಕೇಳಿ ಕಾಲೇಜು ಹುಡುಗರು ಚಿಮಣಿ, ಯಂತ್ರ ಅಂದುಕೊಳ್ಳುತ್ತಾರೆ. ಅದಲ್ಲ. ಕಂಪನಿಯ ಏಜೆಂಟನಿಗೆ ಆಗ ‘ಫ್ಯಾಕ್ಟರ್’ ಅನ್ನುತ್ತಿದ್ದರು. ಅವನು ಇರುವ ಮನೆ ಫ್ಯಾಕ್ಟರಿ. ನಮ್ಮ ಮಾತಿನಲ್ಲಿ ಕೋಠಿ. ಕೆಳಗೆ ಮೆಣಸು, ಏಲಕ್ಕಿ, ತೆಳು ಬಟ್ಟೆಯ ಗಂಟುಗಳು. ಮೇಲೆ ವಾಸ. 1665ರಲ್ಲಿ ಶಿವಾಜಿ ಮಹಾರಾಜರು ಕಾರವಾರಕ್ಕೆ ಬಂದಾಗ ಊರಿನಿಂದ ವಸೂಲಿ ಮಾಡಿದ ಹಣದಲ್ಲಿ ಇಂಗ್ಲಿಷರ ಪಾಲು 112 ಪೌಂಡು. ಕಂಪನಿಯ ಲೆಕ್ಕ ಇಟ್ಟವರು ಅದನ್ನು ಬರೆದಿಟ್ಟಿದ್ದಕ್ಕೆ ನಮಗೆ ಗೊತ್ತು. ಲೆಕ್ಕದ ಪುಸ್ತಕ ಎಷ್ಟು ಮುಖ್ಯ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

1860ರ ಸುಮಾರಿಗೆ ಮ್ಯಾಂಚೆಸ್ಟರಿನ ಹತ್ತಿ ಉದ್ಯಮಿಗಳು ಕಾರವಾರದಲ್ಲಿ ಒಂದು ಬಂದರು ಬೇಕು, ಅಲ್ಲಿಂದ ಘಟ್ಟದ ಮೇಲಕ್ಕೆ ಗಾಡಿರಸ್ತೆ ಬೇಕು ಅಂತ ಪಟ್ಟು ಹಿಡಿದರು. ಕುಮಟಾದ ಕಡಲು ಮಳೆಗಾಲದಲ್ಲಿ ಹಡಗಿಗೆ ಆಸರೆ ಕೊಡುವುದಿಲ್ಲ. ಕಾರವಾರದ ಕೊಲ್ಲಿ ಕೊಡುತ್ತದೆ. ತೊಡಕು ಏನಾಗಿತ್ತು ಅಂದರೆ ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು, ಕಡಲಂಚಿನ ಕಾರವಾರ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಎರಡು ಸರಕಾರದ ನಡುವೆ ಒಂದು ರಸ್ತೆ ಆಗುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಕೊನೆಗೆ 1862ರಲ್ಲಿ ಉತ್ತರ ಕನ್ನಡವನ್ನೇ ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ದಕ್ಷಿಣ ಕನ್ನಡ ಅಲ್ಲೇ ಉಳಿಯಿತು. ನಮ್ಮ ಅಜ್ಜಂದಿರು ಮಂಗಳೂರಿನ ಬದಲು ಮುಂಬಯಿ, ಧಾರವಾಡದ ಕಡೆ ಮುಖ ಮಾಡಿದ್ದು, ನಮ್ಮ ಮಾತಿನಲ್ಲಿ ಇಷ್ಟೊಂದು ಮರಾಠಿ ಶಬ್ದ ಸೇರಿದ್ದು, ಇದಕ್ಕೆಲ್ಲ ಬೇರೆ ಕಾರಣಗಳೂ ಇವೆ. ಆದರೆ ಎಲ್ಲೋ ದೂರದ ಒಂದು ಹಜಾರದಲ್ಲಿ ಟೋಪಿ ಹಾಕಿ ನಿಂತ ಹತ್ತಿ ವ್ಯಾಪಾರಿಗಳ ಪಾಲೂ ಅದರಲ್ಲಿದೆ.

ಆ ಹಜಾರಕ್ಕೇ ಹೋಗೋಣ. ಮ್ಯಾಂಚೆಸ್ಟರಿನ ರಾಯಲ್ ಎಕ್ಸ್‌ಚೇಂಜ್. ಅದನ್ನು ಹಲವು ಸಲ ಬೆಳೆಸಿ ಕಟ್ಟಿದರು. ಪೂರ್ತಿ ಬೆಳೆದ ಮೇಲೆ ವ್ಯಾಪಾರದ ಅಷ್ಟು ದೊಡ್ಡ ಕೋಣೆ ಜಗತ್ತಿನಲ್ಲೇ ಇನ್ನೊಂದಿಲ್ಲ ಅನ್ನುತ್ತಿದ್ದರು. 1920ರ ದಶಕದ ಶುರುವಿನಲ್ಲಿ ಸುಮಾರು 11,000 ಸದಸ್ಯರು. ಮಂಗಳವಾರ, ಶುಕ್ರವಾರ ದೊಡ್ಡ ವ್ಯಾಪಾರ. ಒಬ್ಬರ ಕಿವಿಗೆ ಇನ್ನೊಬ್ಬರು ಬಗ್ಗಿ ಮಾತಾಡಬೇಕು, ಅಷ್ಟು ಗುಲ್ಲು. ನೂಲು, ಬಟ್ಟೆ, ಹತ್ತಿ ಎಲ್ಲವೂ ಮಾತಿನ ಮೇಲೆ ಕೈ ಬದಲಾಗುತ್ತಿತ್ತು. 1940ರ ಡಿಸೆಂಬರಿನಲ್ಲಿ ಜರ್ಮನ್ ವಿಮಾನಗಳು ಬಾಂಬು ಹಾಕಿದವು. ಮತ್ತೆ ಕಟ್ಟಿದರು, ವ್ಯಾಪಾರದ ಹಜಾರವನ್ನು ಸಣ್ಣದು ಮಾಡಿದರು. ಅಷ್ಟರಲ್ಲಿ ಮಿಲ್ಲುಗಳೇ ಮುಚ್ಚುತ್ತ ಬಂದವು. 1968ರಲ್ಲಿ ವ್ಯಾಪಾರ ನಿಂತಿತು. ಕೊನೆಯ ದಿನ ಮೇಲಿನ ಫಲಕದಲ್ಲಿ ಧಾರಣೆ ಏನಿತ್ತೋ ಹಾಗೇ ಬಿಟ್ಟು ಬಾಗಿಲು ಹಾಕಿದರು.

ಆಮೇಲೆ ಬಂದವರು ನಾಟಕದವರು. ದೊಡ್ಡ ಹಜಾರ ಖಾಲಿ ಬಿದ್ದಿದೆ, ಒಳಗೆ ರಂಗಮಂದಿರ ಮಾಡೋಣ ಅಂದರು. ಒಂದು ಅಡ್ಡಿ ಬಂತು. ಜನ ನಿಂತು ಮಾತಾಡುವುದಕ್ಕೆ ಮಾಡಿದ ನೆಲ ರಂಗಮಂದಿರದ ಪೂರ್ತಿ ಭಾರ ತಡೆಯುವುದಿಲ್ಲ. ಬೇರೆ ಊರಲ್ಲಾಗಿದ್ದರೆ ‘ಹಳೆ ಕಟ್ಟಡ, ಬಲ ಇಲ್ಲ’ ಅಂತ ಕೆಡವಿ ಹಾಕುತ್ತಿದ್ದರು. ಇವರು ಉಕ್ಕು ಮತ್ತು ಗಾಜಿನ ಏಳು ಮೂಲೆಯ ಒಂದು ರಂಗಮಂದಿರ ಮಾಡಿ, ಗುಮ್ಮಟ ಹೊತ್ತ ನಾಲ್ಕು ದೊಡ್ಡ ಕಂಬಗಳಿಗೆ ಅದನ್ನು ತೂಗುಹಾಕಿದರು. ಸುಮಾರು 150 ಟನ್ ತೂಕ. ರಂಗಸ್ಥಳ ಮತ್ತು ಕೆಳಗಿನ ಸಾಲಿನ ಕುರ್ಚಿಗಳು ಮಾತ್ರ ಹಳೆ ನೆಲದ ಮೇಲೆ. ಉಳಿದ ಭಾರವೆಲ್ಲ ಕಂಬಕ್ಕೆ. 1976ರಲ್ಲಿ ಲಾರೆನ್ಸ್ ಒಲಿವಿಯರ್ ಬಂದು ಅದನ್ನು ಉದ್ಘಾಟಿಸಿದರು.

ಮಗಳ ಮನೆಗೆ ಹೋದಾಗ ನಾನು ಅದನ್ನು ನೋಡಿದೆ. ನಾಟಕದ ಭಾಷೆ ನನಗೆ ಅರ್ಧ ತಿಳಿಯಿತು. ಆದರೆ ನಾಲ್ಕೂ ಕಡೆ ಜನ, ನಡುವೆ ಆಟ. ನಮ್ಮ ಬಯಲಾಟದಲ್ಲಿ ಮೂರು ಕಡೆ ಜನ ಕೂತಿರುತ್ತಾರಲ್ಲ, ಅದೇ ಬೆಚ್ಚಗಿನ ಅನುಭವ. ಮಧ್ಯಂತರದಲ್ಲಿ ಹೊರಗೆ ಬಂದರೆ ತಲೆಯ ಮೇಲೆ ಗುಮ್ಮಟ, ಎತ್ತರದಲ್ಲಿ ಆ ಫಲಕ. 1968ರ ಹತ್ತಿಯ ಧಾರಣೆ ಇನ್ನೂ ಅಲ್ಲಿದೆ. ಐಸ್‌ಕ್ರೀಮ್ ತಿನ್ನುತ್ತ ನಿಂತ ಮಕ್ಕಳು ಅದನ್ನು ತೋರಿಸಿ ‘ಏನದು’ ಅಂತ ಅಪ್ಪ ಅಮ್ಮನನ್ನು ಕೇಳುತ್ತವೆ. ನಾನು ಅಲ್ಲಿ ನಿಂತು ನಮ್ಮ ಕುಮಟಾವನ್ನು ನೆನೆದೆ. ಕಣ್ಣು ತುಂಬಿ ಬಂತು. ಈ ಹಜಾರದ ನೆಲ ಸವೆಸಿದ ಹತ್ತಿಯಲ್ಲಿ ನಮ್ಮ ದೇವಿಮನೆ ಘಟ್ಟ ಇಳಿದ ಎತ್ತುಗಳ ಬೆವರೂ ಇತ್ತು.

ಇನ್ನೊಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. 1996ರ ಜೂನಿನಲ್ಲಿ ಐರಿಶ್ ಬಂಡುಕೋರರ ಬಾಂಬು ಹತ್ತಿರದ ಬೀದಿಯಲ್ಲಿ ಸಿಡಿದು ಎಕ್ಸ್‌ಚೇಂಜ್ ಬಹಳ ಹಾಳಾಯಿತು. ಮತ್ತೆ ತೆರೆದದ್ದು 1998ರ ಕೊನೆಗೆ. ನಡುವಿನ ಕಾಲದಲ್ಲಿ ನಾಟಕ ಎಲ್ಲಿ ಆಡಿದರು ಗೊತ್ತಾ? ಕ್ಯಾಂಪ್‌ಫೀಲ್ಡ್ ಅನ್ನುವ ಹಳೆಯ ಸಂತೆಮಾಳದ ಕಟ್ಟಡದಲ್ಲಿ. ಒಂದು ಪೇಟೆ ಮನೆ ಗಾಯಗೊಂಡಾಗ ಇನ್ನೊಂದು ಪೇಟೆ ಮನೆ ಜಾಗ ಕೊಟ್ಟಿತು.

ಎಲ್ಲಾ ಕಡೆ ಹೀಗಾಗಲಿಲ್ಲ. ಲಂಡನ್ನಿನಲ್ಲಿ ಕಲ್ಲಿದ್ದಲು ವ್ಯಾಪಾರಕ್ಕೆ ಕೋಲ್ ಎಕ್ಸ್‌ಚೇಂಜ್ ಅಂತ ಇತ್ತು. 1849ರದ್ದು. ಒಳಗೆಲ್ಲ ಎರಕದ ಕಬ್ಬಿಣ, ಮೇಲೆ ಗಾಜಿನ ಗುಮ್ಮಟ. ಉಳಿಸಿ ಅಂತ ಎಷ್ಟೋ ಜನ ಕೇಳಿಕೊಂಡರು. 1962ರಲ್ಲಿ ರಸ್ತೆ ಅಗಲ ಮಾಡಬೇಕು ಅಂತ ಕೆಡವಿದರು. ಲಿವರ್‌ಪೂಲಿನ ಕಾಟನ್ ಎಕ್ಸ್‌ಚೇಂಜ್ 1906ರಲ್ಲಿ ಶುರುವಾಗಿತ್ತು. ಅದರ ಚಂದದ ಮುಖಭಾಗ 1960ರ ದಶಕದಲ್ಲಿ ಹೋಯಿತು. ಅಮೆರಿಕದ ಶಿಕಾಗೊದಲ್ಲಿ ಸ್ಟಾಕ್ ಎಕ್ಸ್‌ಚೇಂಜ್ ಕಟ್ಟಡವನ್ನು 1972ರಲ್ಲಿ ಕೆಡವಿದರು. ಆಡ್ಲರ್ ಮತ್ತು ಸಲ್ಲಿವಾನ್ 1890ರ ದಶಕದಲ್ಲಿ ಕಟ್ಟಿದ್ದು.

ಶಿಕಾಗೊದಲ್ಲಿ ರಿಚರ್ಡ್ ನಿಕಲ್ ಎಂಬ ಫೋಟೊಗ್ರಾಫರ್ ಇದ್ದರು. ಊರಿನ ಹಳೆ ಕಟ್ಟಡಗಳನ್ನು ಕೆಡವುವಲ್ಲಿ ಹೋಗಿ ಫೋಟೊ ತೆಗೆಯುವುದು, ಸಿಕ್ಕ ಅಲಂಕಾರದ ತುಂಡುಗಳನ್ನು ಹೊತ್ತು ತರುವುದು ಅವರ ಬದುಕೇ ಆಗಿತ್ತು. 1972ರ ಏಪ್ರಿಲ್‌ನಲ್ಲಿ ಈ ಎಕ್ಸ್‌ಚೇಂಜ್ ಒಳಗೆ ಹಾಗೆ ಹೋಗಿದ್ದಾಗ ಕಟ್ಟಡದ ಒಂದು ಭಾಗ ಕುಸಿಯಿತು. ಅವರು ಅದರಡಿ ಸಿಕ್ಕಿ ತೀರಿಕೊಂಡರು. ಅದರ ವ್ಯಾಪಾರದ ಹಜಾರವನ್ನು ಮಾತ್ರ ಬಿಡಿಭಾಗಗಳಿಂದ ಮತ್ತೆ ಜೋಡಿಸಿ ಅಲ್ಲಿಯ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಇಟ್ಟಿದ್ದಾರೆ. ಬಣ್ಣದ ಅಚ್ಚು ಹಾಕಿದ ಗೋಡೆ ಈಗಲೂ ನೋಡಬಹುದು. ಅವರಂಥವರು ಅಳತೆ, ಫೋಟೊ, ತುಂಡು ಉಳಿಸಿಟ್ಟದ್ದರಿಂದಲೇ ಅದು ಸಾಧ್ಯವಾಯಿತು.

ಇನ್ನು ಕೆಲವು ಕಡೆ ಕಟ್ಟಡ ಉಳಿಯಿತು, ಸೇರುವ ಜನ ಬದಲಾದರು. ಲಂಡನ್ನಿನ ರಾಯಲ್ ಎಕ್ಸ್‌ಚೇಂಜ್ 1571ರಷ್ಟು ಹಳೆಯದು. ಎರಡು ಸಲ ಸುಟ್ಟುಹೋಯಿತು, 1666ರಲ್ಲಿ ಮತ್ತು 1838ರಲ್ಲಿ. ಈಗಿನದು 1844ರ ಕಟ್ಟಡ. ಮೇಲೆ ಬಂಗಾರ ಬಣ್ಣದ ಒಂದು ಮಿಡತೆ. ಮೊದಲ ಎಕ್ಸ್‌ಚೇಂಜ್ ಕಟ್ಟಿಸಿದ ಥಾಮಸ್ ಗ್ರೆಶಮ್ ಮನೆತನದ ಗುರುತು ಅದು. ಈಗ ಒಳಗೆ ದುಬಾರಿ ವಾಚು, ಆಭರಣದ ಅಂಗಡಿಗಳು. ಪ್ಯಾರಿಸ್ಸಿನ ಧಾನ್ಯದ ದುಂಡು ಕಟ್ಟಡ 1889ರಲ್ಲಿ ಸರಕುಗಳ ಎಕ್ಸ್‌ಚೇಂಜ್ ಆಯಿತು, 2021ರಲ್ಲಿ ಕಲಾ ಸಂಗ್ರಹಾಲಯ ಆಯಿತು. ಜಪಾನಿನ ತಡಾವೊ ಆಂಡೊ ಅದರೊಳಗೆ ಕಾಂಕ್ರೀಟಿನ ದುಂಡು ಗೋಡೆ ಒಂದನ್ನು ನಿಲ್ಲಿಸಿದ್ದಾರೆ. ಉಳಿದಿದ್ದಕ್ಕೆ ನನಗೆ ಸಂತೋಷ. ಆದರೆ ಮನಸ್ಸು ಬಿಚ್ಚಿ ಹೇಳುತ್ತೇನೆ, ನನ್ನ ಮನಸ್ಸು ಮ್ಯಾಂಚೆಸ್ಟರಿನ ಕಡೆಗೇ. ನೂರಾರು ಜನ ಒಟ್ಟಿಗೆ ಸೇರಲು ಕಟ್ಟಿದ ಮನೆಗೆ ನೂರಾರು ಜನ ಸೇರುವ ಕೆಲಸವೇ ಸಿಗಬೇಕು. ಹಾಗಾದರೆ ಹಳೆ ಗೋಡೆಗೆ ಅಭ್ಯಾಸ ತಪ್ಪುವುದಿಲ್ಲ.

ಕುಮಟಾದಿಂದ ಹತ್ತಿ ಎದ್ದುಹೋದದ್ದು ಹೇಗೆ ಅಂತ ಹೇಳಬೇಕು. ಕಟ್ಟಡ ಮುರಿದು ಹೋಗಿದ್ದರಿಂದ ಅಲ್ಲ. 1880ರ ದಶಕದ ಕೊನೆಗೆ ಹುಬ್ಬಳ್ಳಿಯಿಂದ ಕ್ಯಾಸಲ್‌ರಾಕ್ ದಾಟಿ ಗೋವಾದ ಮುರ್ಗಾಂವ್ ಬಂದರಿಗೆ ರೈಲು ಬಂತು. ಹತ್ತಿ ರೈಲು ಹತ್ತಿತು. ಕುಮಟಾವೂ ಕಾರವಾರವೂ ಒಟ್ಟಿಗೇ ಸೊರಗಿದವು. ಕಾರವಾರಕ್ಕೆ ಬೇಕಾಗಿದ್ದ ಹುಬ್ಬಳ್ಳಿ ರೈಲಿನ ಮಾತು ಅವತ್ತಿನಿಂದ ಇವತ್ತಿನವರೆಗೂ ನಡೆದಿದೆ, ಅದು ಇನ್ನೊಂದು ಸಂಜೆಯ ವಿಷಯ. ಮುಂಬಯಿಯಲ್ಲಿ ಹತ್ತಿ ವ್ಯಾಪಾರ ನಡೆಯುತ್ತಿದ್ದ ಬಯಲೂ ಕೊಲಾಬಾದಿಂದ ಶಿವಡಿ ಕಡೆ ಸರಿಯಿತು. ಅಲ್ಲಿ ದೊಡ್ಡ ಕಾಟನ್ ಎಕ್ಸ್‌ಚೇಂಜ್ ಕಟ್ಟಿದರು. ಈಗ ಅಲ್ಲಿ ಹತ್ತಿಯ ಗುಲ್ಲಿಲ್ಲ, ಆದರೆ ಲೋಕಲ್ ರೈಲಿನ ಸ್ಟೇಷನ್ನಿಗೆ ‘ಕಾಟನ್ ಗ್ರೀನ್’ ಅಂತಲೇ ಹೆಸರು. ಇಲ್ಲಿಂದ ಮುಂಬಯಿಗೆ ಹೋದ ನಮ್ಮ ಹುಡುಗರು ದಿನಾ ಅಲ್ಲಿ ಇಳಿದು ಹತ್ತುತ್ತಾರೆ.

ವ್ಯಾಪಾರ ಜಾಗ ಬಿಡುವುದು ಹೀಗೆ. ರೈಲು ಬಂದರೆ ಬಂದರು ಖಾಲಿ. ಟೆಲಿಫೋನ್ ಬಂದಾಗ ಲಿವರ್‌ಪೂಲಿನ ದಲಾಲರು ಬಯಲಿನಲ್ಲಿ ನಿಂತು ಮಾಡುತ್ತಿದ್ದ ವ್ಯಾಪಾರವನ್ನು ತಂತಿ ಇದ್ದ ಕೋಣೆಗೆ ಒಯ್ದರು. ಕಂಪ್ಯೂಟರ್ ಬಂದಾಗ ಕೋಣೆಯೂ ಬೇಡವಾಯಿತು.

ಶಿರಸಿಯಲ್ಲಿ ನಮ್ಮ ಕಣ್ಣೆದುರೇ ಇದು ನಡೆಯುತ್ತಿದೆ. ಹಿಂದೆ ಟವೆಲ್ಲಿನ ಅಡಿ ಬೆರಳು ಹಿಡಿದು ದರ ಹೇಳುತ್ತಿದ್ದ ಕಾಲ ಇತ್ತು. ದನದ ಪೇಟೆಯಲ್ಲಿ ನಿಮ್ಮಲ್ಲಿ ಹಿರಿಯರು ಇದನ್ನು ನೋಡಿರುತ್ತೀರಿ. ಮಾಲಿನ ಒಡೆಯನಿಗೇ ತನ್ನ ಮಾಲಿಗೆ ಯಾರು ಎಷ್ಟು ಹೇಳಿದರು ಅಂತ ತಿಳಿಯುತ್ತಿರಲಿಲ್ಲ. ತೋಟಿಗರೇ ಸೇರಿ 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿಕೊಂಡದ್ದು ಬೆಳೆಗಾರ ದಲಾಲರ ಕೈಯಲ್ಲಿ ಒಬ್ಬಂಟಿ ಆಗಬಾರದು ಅಂತ. ಆಮೇಲೆ ಟೆಂಡರ್ ಚೀಟಿ ಬಂತು. ಲಾಟಿಗೊಂದು ನಂಬರು, ಖರೀದಿದಾರರು ಚೀಟಿಯಲ್ಲಿ ದರ ಬರೆಯುವುದು, ಜಾಸ್ತಿ ಬರೆದವರಿಗೆ ಮಾಲು, ಒಪ್ಪಿಗೆ ಆಗದಿದ್ದರೆ ಬೆಳೆಗಾರ ‘ಕೊಡೂದಿಲ್ಲ’ ಅನ್ನಬಹುದು. ಆ ಒಂದು ಚೀಟಿ ಎಷ್ಟು ಮನೆಗಳ ಬೆನ್ನು ನೆಟ್ಟಗೆ ಮಾಡಿತು! ಈಗ ದರವನ್ನು ಕಂಪ್ಯೂಟರಿನಲ್ಲಿ ಹಾಕುತ್ತಾರೆ. ಬೆಳೆಗಾರ ಮನೆಯಲ್ಲೇ ಕೂತು ಮೊಬೈಲಿನಲ್ಲಿ ಅಡಿಕೆಯ ಒಂದೊಂದು ನಮೂನೆಯ ದರ, ರಾಶಿ ಎಷ್ಟು, ಬೆಟ್ಟೆ ಎಷ್ಟು, ಕೆಂಪುಗೋಟು ಎಷ್ಟು ಅಂತ ನೋಡುತ್ತಾನೆ. ಇದು ಒಳ್ಳೆಯದೇ. ಅಪ್ಪಯ್ಯನ ಕಾಲಕ್ಕೆ ಇದು ಇದ್ದಿದ್ದರೆ ದರ ತಿಳಿಯಲು ಬಸ್ಸು ಹಿಡಿದು ಹೋಗಬೇಕಿರಲಿಲ್ಲ. ಅಡಿಕೆಯನ್ನು ಇನ್ನೂ ಕಣ್ಣಿಂದ ನೋಡಿಯೇ ಕೊಳ್ಳುವುದರಿಂದ ವಖಾರಿ ಉಳಿದುಕೊಂಡಿದೆ. ಅದೂ ಎಷ್ಟು ದಿನವೋ.

ಹಾಗಾಗಿ ನಾನು ಕೇಳುವುದು ಈಗಲೇ. ಕರಾವಳಿಯ ಪೇಟೆಗಳಲ್ಲಿ, ಹಳೆ ಬಂದರಿನ ಬೀದಿಗಳಲ್ಲಿ ಇನ್ನೂ ಕೆಲವು ಹಳೆ ವಖಾರಿಗಳು ನಿಂತಿವೆ. ನಿಮಗೆ ಗೊತ್ತಿರುವವೇ. ಚಿರೆಕಲ್ಲಿನ ದಪ್ಪ ಗೋಡೆ, ಮೇಲೆ ಮಂಗಳೂರು ಹಂಚು, ಗಾಡಿ ಹಿಂದಕ್ಕೆ ನಿಲ್ಲಿಸುವಷ್ಟು ಅಗಲದ ಬಾಗಿಲು, ಚೀಲ ಇಳಿಸಲು ಸೊಂಟದೆತ್ತರದ ಕಟ್ಟೆ. ಎತ್ತರದಲ್ಲಿ ಗಾಳಿಗೆ ಸಣ್ಣ ಸಣ್ಣ ಕಿಂಡಿ. ಮಳೆಗಾಲದಲ್ಲೂ ಮಾಲು ಬೂಸು ಹಿಡಿಯದ ಹಾಗೆ ಕಟ್ಟಿದವರಿಗೆ ನಮ್ಮ ಹವೆ ಚೆನ್ನಾಗಿ ಗೊತ್ತಿತ್ತು.

ಕೆಲವು ವರ್ಷದ ಹಿಂದೆ ಇಂಥ ಒಂದು ವಖಾರಿ ಕೆಡವುವುದನ್ನು ನಾನು ನಿಂತು ನೋಡಿದೆ. ಯಾರದು, ಎಲ್ಲಿ ಅಂತ ಹೇಳುವುದಿಲ್ಲ. ಅವರಿಗೂ ಅವರ ಕಷ್ಟ ಇತ್ತು. ಜೆಸಿಬಿ ಬರುವ ಮೊದಲ ದಿನ ಒಳಗೆ ಹೋಗಿದ್ದೆ. ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಕಡೆ ಮಾತ್ರ ಕಪ್ಪು ಬಣ್ಣ ಹಚ್ಚಿದ್ದರು. ಮೇಲೆ ಎಣ್ಣೆ ಬಣ್ಣದಲ್ಲಿ ಅಡಿಕೆಯ ನಮೂನೆಗಳನ್ನು ಉದ್ದಕ್ಕೆ ಬರೆದಿತ್ತು: ಹಳೆ ಚಾಲಿ, ಹೊಸ ಚಾಲಿ, ಕೋಕಾ, ಚಿಪ್ಪು. ಎದುರಿಗೆ ಸೀಮೆಸುಣ್ಣದಲ್ಲಿ ದಿನದ ಧಾರಣೆ ಬರೆಯುವ ಜಾಗ. ಅಲ್ಲಿ ಎಷ್ಟೋ ಸಾವಿರ ಸಲ ಬರೆದು ಒರೆಸಿದ ಬಿಳಿ ಮಬ್ಬು ಉಳಿದಿತ್ತು. ನನ್ನ ಹತ್ತಿರ ಆಗ ಒಳ್ಳೆ ಕ್ಯಾಮೆರಾ ಇರಲಿಲ್ಲ. ಬೆಳಿಗ್ಗೆ ಯಾರನ್ನಾದರೂ ಕರೆದುಕೊಂಡು ಬರೋಣ ಅಂದುಕೊಂಡು ಮನೆಗೆ ಹೋದೆ. ಬೆಳಿಗ್ಗೆ ಬಂದಾಗ ಆ ಗೋಡೆ ಇರಲಿಲ್ಲ. ಆ ಒಂದು ರಾತ್ರಿ ತಡ ಮಾಡಿದ್ದು ನನ್ನನ್ನು ಇನ್ನೂ ಕಾಡುತ್ತದೆ.

ಎಲ್ಲವನ್ನೂ ಉಳಿಸಿ ಅಂತ ನಾನು ಹೇಳುತ್ತಿಲ್ಲ. ಕಟ್ಟಡದ ಒಡೆಯರಿಗೆ ಮನೆ ಇದೆ, ಮಕ್ಕಳ ಮದುವೆ ಇದೆ. ಪೇಟೆಯ ಜಾಗಕ್ಕೆ ಚಿನ್ನದ ಬೆಲೆ ಇದೆ. ಆದರೆ ಕೆಡವುವ ಮೊದಲು ಬೇರೆ ಕೆಲಸಕ್ಕೆ ಬರುತ್ತದಾ ಅಂತ ಒಂದು ಸಲ ನೋಡಬಹುದು. ತಾಳಮದ್ದಳೆಗೆ ನಮ್ಮಲ್ಲಿ ಜಾಗ ಹುಡುಕುತ್ತಲೇ ಇರುತ್ತೇವೆ. ದಪ್ಪ ಗೋಡೆ, ಎತ್ತರದ ಹಂಚಿನ ಮಾಡು, ಮೈಕಿಲ್ಲದೆ ಅರ್ಥಧಾರಿಯ ಮಾತು ಕೊನೆಯ ಸಾಲಿಗೆ ಮುಟ್ಟುತ್ತದೆ. ಭಾನುವಾರ ತರಕಾರಿ ಮಾರುವ ಹಾಲಕ್ಕಿ ಹೆಂಗಸರು ರಸ್ತೆ ಬದಿಯ ಬಿಸಿಲಲ್ಲಿ ಕೂರುತ್ತಾರೆ. ಅವರಿಗೆ ಒಂದು ನೆರಳು ಆಗಬಹುದು. ಮಾಡುವಾಗ ಎರಡು ಮಾತು ನೆನಪಿಡಿ. ಚಿರೆಕಲ್ಲಿನ ಗೋಡೆಯಲ್ಲಿ ಕಿಟಕಿಗೆ ಅಂತ ಬೇಕಾದಲ್ಲಿ ತೂತು ಕೊರೆಯಬೇಡಿ, ಭಾರ ಹೊರುವುದು ಅದೇ ಗೋಡೆ. ಸಿಮೆಂಟ್ ಗಾರೆ ಮೆತ್ತಬೇಡಿ. ಕಲ್ಲು ಉಸಿರಾಡದೆ ಒಳಗಿಂದಲೇ ನೀರು ಹಿಡಿದು ಉದುರುತ್ತದೆ. ಸುಣ್ಣದ ಗಾರೆ ಮಾಡುವ ಕೈಗಳು ಇನ್ನೂ ಇವೆ, ಹುಡುಕಬೇಕು ಅಷ್ಟೇ. ಮ್ಯಾಂಚೆಸ್ಟರಿನವರು ನೆಲಕ್ಕೆ ಎಷ್ಟು ತಾಕತ್ತಿದೆ ಅಂತ ಮೊದಲು ಲೆಕ್ಕ ಹಾಕಿದರಲ್ಲ, ನಾವೂ ಅಲ್ಲಿಂದಲೇ ಶುರು ಮಾಡಬೇಕು.

ಲೆಕ್ಕದ ಪುಸ್ತಕದ ಮಾತು ಬಾಕಿ ಇದೆ. ನಿಮ್ಮ ಅಟ್ಟದಲ್ಲಿ ಕೆಂಪು ಬಟ್ಟೆ ಸುತ್ತಿದ ಹಳೆ ಖಾತೆ ಪುಸ್ತಕ, ವಖಾರಿಯ ಪಟ್ಟಿಗಳ ಕಟ್ಟು ಇದ್ದರೆ ದಯವಿಟ್ಟು ಒಲೆಗೆ ಹಾಕಬೇಡಿ. ಮರಾಠಿ ಬರೆಯುತ್ತಿದ್ದ ಹಳೆಯ ಮೋಡಿ ಲಿಪಿಯಲ್ಲಿದೆ, ಓದಲು ಬರುವುದಿಲ್ಲ ಅಂತ ಸುಮ್ನೆ ಬಿಡಬೇಡಿ. ಓದುವವರು ಇದ್ದಾರೆ. ಯಾವ ಊರಿನಿಂದ ಎಷ್ಟು ಮಣ ಬಂತು, ಯಾವ ಮಚ್ವೆಯಲ್ಲಿ ಹೋಯಿತು, ಹಮಾಲಿಗೆ ಎಷ್ಟು ಕೊಟ್ಟರು, ಎಲ್ಲಾ ಅದರಲ್ಲಿ ಇರುತ್ತದೆ. ಹಮಾಲರ ಹೆಸರು ಬೇರೆ ಯಾವ ಇತಿಹಾಸದಲ್ಲೂ ಸಿಗುವುದಿಲ್ಲ.

ಬರುವ ಭಾನುವಾರ ಬೆಳಿಗ್ಗೆ ಏ‍ಳು ಗಂಟೆಗೆ ನಾವು ಐದಾರು ಜನ ಒಂದು ವಖಾರಿ ಅಳೆಯಲು ಹೋಗುತ್ತಿದ್ದೇವೆ. ಒಡೆಯರು ಒಪ್ಪಿದ್ದಾರೆ. ಅವರ ಅಜ್ಜಿಯೇ ಬಾಗಿಲು ತೆಗೆದು ಕೊಡುತ್ತಾರಂತೆ. ಕಾಲೇಜಿನ ಹುಡುಗ ಹುಡುಗಿಯರು ಬನ್ನಿ. ಅಳತೆ ಟೇಪು, ಚೌಕಳಿ ಕಾಗದ ನಾವು ತರುತ್ತೇವೆ. ಮಾಡಿನ ಎತ್ತರ ಜಾಸ್ತಿ ಇದೆ, ನಮ್ಮ ಏಣಿ ಮುಟ್ಟುವುದಿಲ್ಲ. ತೆಂಗಿನಕಾಯಿ ಕೊಯ್ಯುವ ಉದ್ದ ಏಣಿ ಯಾರ ಮನೆಯಲ್ಲಿದೆ, ಹೋಗುವ ಮೊದಲು ನನಗೆ ಹೇಳಿ ಹೋಗಿ.